ಕೊಳೆಯದ ದೇಹ, ಮೂಡಿದ ಮುಖ: ಅಮ್ಮ ಸರಿಯೋ, ತಮ್ಮ ಸರಿಯೋ?

ಪ್ರಶ್ನೆ: ಕಳೆದ ಸಲ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ದೇಹವನ್ನು ದರ್ಶನಕ್ಕೆ ಇಟ್ಟಾಗ ಅಮ್ಮ ಚರ್ಚಿನವರ ಜೊತೆ ಬಸ್ಸಿನಲ್ಲಿ ಹೋಗಿ ಬಂದರು. "470 ವರ್ಷ ಆದರೂ ದೇಹ ಕೊಳೆತಿಲ್ಲ, ಇನ್ನೇನು ಸಾಕ್ಷಿ ಬೇಕು?" ಅನ್ನುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ತಮ್ಮ ಎಲ್ಲವೂ ಕಟ್ಟುಕತೆ ಅನ್ನುತ್ತಾನೆ. ಯೇಸುವಿನ ಶವಕ್ಕೆ ಸುತ್ತಿದ್ದು ಅಂತ ನಂಬುವ, ಮುಖ ಮೂಡಿರುವ ಟುರಿನ್ ವಸ್ತ್ರ, ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನ ಪವಾಡ ಎಲ್ಲ ನಡುವೆ ಬರುತ್ತದೆ. ರಾತ್ರಿ ಊಟಕ್ಕೆ ಕೂತರೆ ಇದೇ ಜಗಳ. ಯಾರ ಮಾತು ಸರಿ?
ಕಮ್ಮನಹಳ್ಳಿಯ ಓದುಗರು

ಉತ್ತರ: ನಿಮ್ಮ ಮನೆಯಲ್ಲಿ ಇಬ್ಬರೂ ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದಾರೆ. ಗಂಟು ಬಿಚ್ಚಿ ಒಂದೊಂದನ್ನೇ ನೋಡಬೇಕು. ಯಾರು ಕಣ್ಣಾರೆ ಕಂಡರು? ಎಷ್ಟು ವರ್ಷ ಆದಮೇಲೆ ಬರೆದಿಟ್ಟರು? ಬೇರೆ ಕಾರಣ ಇರಬಹುದಾ ಅಂತ ಯಾರಾದರೂ ಹುಡುಕಿದರಾ?

ಮೊದಲು ಅಮ್ಮ ನೋಡಿ ಬಂದದ್ದು. ಕ್ಸೇವಿಯರ್ ತೀರಿಕೊಂಡಿದ್ದು 1552ರ ಡಿಸೆಂಬರ್‌ನಲ್ಲಿ, ಚೀನಾ ತೀರದ ಶಾಂಗ್‌ಚುವಾನ್ ದ್ವೀಪದಲ್ಲಿ. ಮಾಂಸ ಬೇಗ ಕರಗಿ ಮೂಳೆ ಒಯ್ಯಲು ಸುಲಭವಾಗಲಿ ಅಂತ ಪೆಟ್ಟಿಗೆಗೆ ಸುಣ್ಣ ತುಂಬಿ ಹೂತರು. ಕೆಲವೇ ತಿಂಗಳಲ್ಲಿ ತೆಗೆದು ನೋಡಿದರೆ ದೇಹ ಹಾಗೇ ಇತ್ತು. ಅಲ್ಲಿಂದ ಮಲಕ್ಕಾ, 1554ರಲ್ಲಿ ಗೋವಾ. ಆ ಕಾಲದವರೇ ಇದನ್ನು ಬರೆದಿಟ್ಟಿದ್ದಾರೆ. ಹಾಗಾಗಿ ಸುಮ್ನೆ ಕಟ್ಟುಕತೆ ಅನ್ನುವುದು ತಪ್ಪು, ತಮ್ಮನಿಗೆ ಇದನ್ನು ಹೇಳಿ. ಆದರೆ ಸುಣ್ಣ ದೇಹವನ್ನು ಕರಗಿಸುತ್ತದೆ ಅನ್ನುವ ನಂಬಿಕೆಯೇ ಸರಿಯಲ್ಲ. ಸತ್ತ ಹಂದಿಗಳನ್ನು ಸುಣ್ಣದಲ್ಲಿ ಹೂತು ಮಾಡಿದ ಪ್ರಯೋಗಗಳಲ್ಲಿ ಕೊಳೆಯುವುದು ನಿಧಾನವಾಗಿದ್ದೇ ಕಂಡಿತು. ಇನ್ನು ಗೋವಾದ ಬೊಂ ಜೀಸಸ್ ಬಸಿಲಿಕಾ ಚರ್ಚಿನ ಬೆಳ್ಳಿ ಪೆಟ್ಟಿಗೆಯಲ್ಲಿ ಈಗ ಇರುವುದು ಒಣಗಿ ಕುಗ್ಗಿದ ದೇಹ. ಬಲಗೈಯನ್ನು 1614ರಲ್ಲೇ ಕತ್ತರಿಸಿ ರೋಮ್‌ಗೆ ಕಳಿಸಿದ್ದಾರೆ. ಮೊದಲ ದಿನಗಳ ವರದಿ ಒಂದು ಸಂಗತಿ, 470 ವರ್ಷ ಹಾಗೇ ಇದೆ ಅನ್ನುವುದು ಇನ್ನೊಂದು. ಎರಡನ್ನೂ ಕಲಸಬಾರದು.

ಇನ್ನೊಂದು ಮಾತು, ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ರಷ್ಯಾದ ಬುರ್ಯಾತಿಯಾದಲ್ಲಿ ಇತಿಗಿಲೋವ್ ಎಂಬ ಬೌದ್ಧ ಲಾಮಾ 1927ರಲ್ಲಿ ತೀರಿಕೊಂಡರು. 2002ರಲ್ಲಿ ಪೆಟ್ಟಿಗೆ ತೆರೆದಾಗ ಅವರ ದೇಹ ಕುಳಿತ ಭಂಗಿಯಲ್ಲೇ ಉಳಿದಿತ್ತು. ಕೊಳೆಯದ ದೇಹವೇ ಒಂದು ಧರ್ಮಕ್ಕೆ ಸಾಕ್ಷಿ ಅನ್ನುವುದಾದರೆ ಇದೂ ಸಾಕ್ಷಿ ಆಗಬೇಕಲ್ವಾ? ಅಮ್ಮನನ್ನು ಮೆಲ್ಲಗೆ ಕೇಳಿ ನೋಡಿ.

ಟುರಿನ್ ವಸ್ತ್ರದ ವಿಷಯದಲ್ಲಿ ತೂಕ ತಮ್ಮನ ಕಡೆಗೇ ಜಾಸ್ತಿ. ಅದರ ದಾಖಲೆ ಸಿಗುವುದು ಫ್ರಾನ್ಸಿನ ಲಿರೇ ಊರಲ್ಲಿ, 1350ರ ದಶಕದಿಂದ. ಅದಕ್ಕಿಂತ ಹಿಂದಿನ 1,300 ವರ್ಷಕ್ಕೆ ಖಚಿತವಾದ ದಾಖಲೆ ಇಲ್ಲ. ಇದು ಬಣ್ಣ ಹಾಕಿದ್ದು, ಮಾಡಿದವನೇ ಒಪ್ಪಿಕೊಂಡಿದ್ದಾನೆ ಅಂತ 1389ರಲ್ಲಿ ಅಲ್ಲಿನ ಬಿಷಪ್ ಪಿಯೆರ್ ದಾರ್ಸಿಯೇ ಬರೆದರು. ಮುಂದೆ 1988ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಾದ ಮೂರು ಪ್ರಯೋಗಾಲಯಗಳು ಕಾರ್ಬನ್ ಪರೀಕ್ಷೆ ಮಾಡಿದವು. ಬಟ್ಟೆಯ ಕಾಲ ಬಂದದ್ದು 1260ರಿಂದ 1390ರ ನಡುವೆ. ಚಿತ್ರ ಹೇಗೆ ಮೂಡಿತು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಇಲ್ಲ, ನಿಜ. ಹಾಗಂತ ಉತ್ತರ ಸಿಗದ ಜಾಗವೇ ಪವಾಡಕ್ಕೆ ಸಾಕ್ಷಿ ಆಗುವುದಿಲ್ಲ.

ಆದರೆ ನಂಬದವರ ಮಾತನ್ನೂ ತೂಗಿ ನೋಡಬೇಕು. ಯೇಸುವಿನ ಶಿಲುಬೆಯದ್ದು ಅಂತ ಅಲ್ಲಲ್ಲಿ ಇಟ್ಟಿರುವ ತುಂಡುಗಳನ್ನೆಲ್ಲ ಸೇರಿಸಿದರೆ ಒಂದು ಹಡಗು ತುಂಬುತ್ತದೆ ಅನ್ನುವ ಮಾತಿದೆ. 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಹೇಳಿದ್ದು, ಇವತ್ತಿಗೂ ಹೇಳುತ್ತಲೇ ಇರುತ್ತಾರೆ. 1870ರಲ್ಲಿ ರೋಹೋ ದ ಫ್ಲೂರಿ ಎಂಬ ಫ್ರೆಂಚ್ ವಿದ್ವಾಂಸ ಕೂತು ಲೆಕ್ಕ ಹಾಕಿದ. ಅವನಿಗೆ ಸಿಕ್ಕ ತುಂಡುಗಳೆಲ್ಲ ಸೇರಿದರೂ ಒಂದು ಶಿಲುಬೆಯ ಸಣ್ಣ ಪಾಲೂ ಆಗಲಿಲ್ಲ. ಅಷ್ಟಕ್ಕೇ ಆ ತುಂಡುಗಳು ಅಸಲಿ ಅಂತಾಗಲಿಲ್ಲ, ಹಡಗಿನ ಮಾತು ಮಾತ್ರ ಬಿದ್ದುಹೋಯಿತು.

ಲೂರ್ದ್‌ನಲ್ಲಿ 1883ರಿಂದ ವೈದ್ಯರ ತಂಡವೇ ಇದೆ. 7,000ಕ್ಕೂ ಹೆಚ್ಚು ಜನ ವಾಸಿಯಾಯಿತು ಅಂತ ಬಂದು ಹೇಳಿದ್ದಾರೆ. ಚರ್ಚ್ ಪವಾಡ ಅಂತ ಒಪ್ಪಿದ್ದು ಸುಮಾರು 70. ಒಪ್ಪಬೇಕಾದರೆ ಕಾಯಿಲೆ ಗಂಭೀರವಾಗಿರಬೇಕು, ಥಟ್ಟನೆ ಮತ್ತು ಪೂರ್ತಿ ವಾಸಿಯಾಗಬೇಕು, ಮತ್ತೆ ಮರುಕಳಿಸಬಾರದು, ಔಷಧಿಯಿಂದ ಆಗಿರಬಾರದು. ಭಕ್ತರಿಗಿಂತ ಚರ್ಚೇ ಹೆಚ್ಚು ಬಿಗಿ! ಆದರೂ ವೈದ್ಯರು ಹೇಳುವುದು "ಕಾರಣ ಗೊತ್ತಾಗಲಿಲ್ಲ" ಅಂತ ಅಷ್ಟೇ. ಅಲ್ಲಿಂದ "ದೇವರೇ ಮಾಡಿದ" ಅನ್ನುವುದಕ್ಕೆ ಹೋಗುವುದು ನಂಬಿಕೆಯ ಹೆಜ್ಜೆ.

ಗುರುವಾರ ವಿವೇಕನಗರದ ಬಾಲ ಯೇಸು ದೇವಾಲಯಕ್ಕೆ ಬರುವ ಜನಸಾಗರ ನೋಡಿ. ಬೇಡಿಕೆ ಈಡೇರಿದವರು ಹತ್ತು ಜನಕ್ಕೆ ಹೇಳುತ್ತಾರೆ. ಈಡೇರದವರು ಸುಮ್ಮನೆ ಮನೆಗೆ ಹೋಗುತ್ತಾರೆ. ಅವರ ಲೆಕ್ಕ ಯಾರ ಹತ್ತಿರವೂ ಇಲ್ಲ. ನನ್ನ ಸೋದರತ್ತೆ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕಾಲಿನ ಹುಣ್ಣಿಗೆ ಹರಸಿದ ಎಣ್ಣೆ ಹಚ್ಚುತ್ತಾ ಕೂತರು. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಪ್ರಾರ್ಥನೆ ಮಾಡಿ, ಎಣ್ಣೆಯನ್ನೂ ಹಚ್ಚಿ, ಮಾತ್ರೆ ಮಾತ್ರ ಬಿಡಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಪವಾಡಗಳನ್ನು ಪರೀಕ್ಷೆ ಮಾಡುವುದು ನಮ್ಮ ಊರಿಗೆ ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಅದಕ್ಕೆಂದೇ ಒಂದು ಸಮಿತಿ ಮಾಡಿದ್ದರು. ಪ್ರಶ್ನೆ ಕೇಳುವುದೆಂದರೆ ಅಮ್ಮನ ದೇವರನ್ನು ಬಯ್ಯುವುದಲ್ಲ ಅಂತ ತಮ್ಮನಿಗೂ ತಿಳಿಯಲಿ. ಕ್ಸೇವಿಯರ್ ದೇಹ ಒಣಗಿದ್ದರೆ ಅಮ್ಮನ ಪ್ರಾರ್ಥನೆಗೆ ಏನೂ ಕಮ್ಮಿ ಆಗುವುದಿಲ್ಲ.

ಪ್ರಶ್ನೆ: ಸಂತರೊಬ್ಬರ ಮೂಳೆಯ ಚೂರು, ಮೇಣದ ಮುದ್ರೆ ಮತ್ತು ಲ್ಯಾಟಿನ್ ಪ್ರಮಾಣಪತ್ರದ ಸಮೇತ ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ. ತಗೊಳ್ಳಬಹುದಾ?
ಲಿಂಗರಾಜಪುರದ ಓದುಗರು

ಉತ್ತರ: ಬೇಡ. ಪವಿತ್ರ ಅವಶೇಷ ಮಾರುವುದನ್ನು ಕಥೋಲಿಕ ಚರ್ಚಿನ ಕಾನೂನಿನ 1190ನೇ ವಿಧಿಯೇ ನಿಷೇಧಿಸಿದೆ. ಮುದ್ರೆ ಯಾರು ಒತ್ತಿದರು ಅನ್ನುವುದನ್ನಷ್ಟೇ ಆ ಕಾಗದ ಹೇಳುತ್ತದೆ. ಒಳಗಿರುವುದು ಯಾರ ಮೂಳೆ ಅಂತ ಅದು ಹೇಗೆ ಹೇಳೀತು? 1867ರಲ್ಲಿ ಪ್ಯಾರಿಸ್‌ನ ಒಂದು ಔಷಧಿ ಅಂಗಡಿಯ ಅಟ್ಟದಲ್ಲಿ ಸಂತ ಜೋನ್ ಆಫ್ ಆರ್ಕ್ ಅವಶೇಷ ಅಂತ ಚೀಟಿ ಅಂಟಿಸಿದ ಬಾಟಲಿ ಸಿಕ್ಕಿತ್ತು. 2007ರಲ್ಲಿ ಪರೀಕ್ಷೆ ಮಾಡಿದಾಗ ಅದರಲ್ಲಿ ಇದ್ದದ್ದು ಈಜಿಪ್ಟಿನ ಮಮ್ಮಿಯ ತುಂಡು ಮತ್ತು ಬೆಕ್ಕಿನ ತೊಡೆಮೂಳೆ. ಮನೆಯಲ್ಲಿ ಹಿರಿಯರು ಇಟ್ಟದ್ದು ಏನಾದರೂ ಇದ್ದರೆ ನಿಮ್ಮ ಚರ್ಚಿನ ಫಾದರ್‌ಗೆ ತೋರಿಸಿ. ಮಾರುವವರು ನಾಳೆ ಬೆಲೆ ಇಳಿಸಿ ಫೋನ್ ಮಾಡಬಹುದು. ಆಗಲೂ ಬೇಡ ಅನ್ನಿ.