ಓದುಗರ ಪ್ರಶ್ನೆ: ಲಂಡನ್ನಿನ ದರ, ಮಲೆನಾಡಿನ ಕಣ

ಪ್ರಶ್ನೆ: ನಮ್ಮದು ಮೂಡಿಗೆರೆ ಸಮೀಪ 22 ಎಕರೆ ಕಾಫಿ ತೋಟ. ಹೆಚ್ಚಿನ ಪಾಲು ರೋಬಸ್ಟಾ, ಉಳಿದದ್ದು ಅರೇಬಿಕಾ. ಅಕ್ಕಪಕ್ಕದ ಇಬ್ಬರು ಬೆಳೆಗಾರರೊಂದಿಗೆ ಸೇರಿ ಸಣ್ಣ ಕಂಪನಿ ಕಟ್ಟಿ, ಯುರೋಪಿಗೆ ನೇರವಾಗಿ ಕಾಫಿ ಕಳಿಸಬೇಕೆಂದಿದ್ದೇನೆ. "ದರ ಗೊತ್ತಾಗುವುದು ಲಂಡನ್ನಿನಲ್ಲಿ, ಹಿಮ ಬೀಳುವುದು ಬ್ರೆಜಿಲ್‌ನಲ್ಲಿ, ನೀನು ಇಲ್ಲಿ ಕೂತು ಏನು ಯೋಜನೆ ಹಾಕುತ್ತೀಯಮ್ಮ?" ಎಂದು ಅಪ್ಪ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಮೊದಲಿಗೆ, ನಿಮ್ಮ ತಂದೆಯವರು ಹೇಳುವುದು ನಿಜವೆಂದು ಒಪ್ಪಿಕೊಳ್ಳಿ. ರೋಬಸ್ಟಾದ ದರ ಲಂಡನ್ ವಿನಿಮಯ ಕೇಂದ್ರದಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದೂ, ಅರೇಬಿಕಾದ ದರ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದೂ ತೀರ್ಮಾನವಾಗುತ್ತದೆ. ಭಾರತ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್ ಕಾಫಿ ಬೆಳೆಯುತ್ತದೆ, ಅದರಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು. ಆದರೂ ಜಗತ್ತಿನ ಒಟ್ಟು ಬೆಳೆಯಲ್ಲಿ ನಮ್ಮ ಪಾಲು ತೀರಾ ಚಿಕ್ಕದು, ಆ ದರವನ್ನು ಅಲುಗಾಡಿಸುವ ಶಕ್ತಿ ನಮಗಿಲ್ಲ. ವಿಯೆಟ್ನಾಂನಲ್ಲಿ ಬರ ಬಂದು ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಾಗ ಲಂಡನ್ ದರ 2024ರಲ್ಲಿ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ದರ ಪೌಂಡಿಗೆ 4 ಡಾಲರ್ ಮೀರಿತು. ಆ ವರ್ಷಗಳಲ್ಲಿ ಮಲೆನಾಡಿನ ಮನೆಗಳಿಗೆ ಬಂದ ಹಣ ಬಹುಪಾಲು ಬೇರೆಯವರ ಬರಗಾಲದಿಂದ ಬಂದದ್ದು. ನಾಳೆ ಅವರ ಮಳೆ ಸರಿಯಾದರೆ ಅದೇ ಹಣ ಇಳಿದುಹೋಗುತ್ತದೆ. ಹಾಗಾಗಿ ಕಳೆದ ಎರಡು ಮೂರು ವರ್ಷಗಳ ದರವನ್ನೇ ನಂಬಿ ಹೊಸ ಕಂಪನಿಯ ಸಾಲದ ಲೆಕ್ಕ ಹಾಕಬೇಡಿ.

ಇನ್ನು ನಿಮ್ಮ ತಂದೆಯವರ ತಲೆಮಾರು ಏನನ್ನು ಕಂಡಿದೆ ಎಂಬುದನ್ನೂ ನೆನಪಿಸಿಕೊಳ್ಳಬೇಕು. 1942ರ ಕಾಯ್ದೆಯ ನಂತರ ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನು, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ. ಹೊರಗೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಒಂದೊಂದು ದೇಶಕ್ಕೂ ಕೋಟಾ ಗೊತ್ತುಮಾಡಿ ದರವನ್ನು ಎತ್ತಿ ಹಿಡಿದಿತ್ತು, ಜೊತೆಗೆ ರೂಪಾಯಿಯಲ್ಲೇ ವ್ಯಾಪಾರ ಮಾಡುತ್ತಿದ್ದ ಸೋವಿಯತ್ ಒಕ್ಕೂಟ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿತ್ತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಕೆಲವೇ ತಿಂಗಳಲ್ಲಿ ಜಾಗತಿಕ ದರ ನೆಲಕಚ್ಚಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಆರ್ಥಿಕ ನೀತಿ ಬದಲಾಯಿತು, ಬೆಳೆಗಾರರ ಒತ್ತಾಯವೂ ಸೇರಿ ಪೂಲ್ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಮಾರಾಟ ಪೂರ್ತಿ ಮುಕ್ತವಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ದರ ಗಗನಕ್ಕೇರಿದಾಗ, ಆಗಷ್ಟೇ ಸಿಕ್ಕ ಸ್ವಾತಂತ್ರ್ಯವನ್ನು ಬಳಸಿಕೊಂಡವರು ತೋಟಗಳನ್ನು ವಿಸ್ತರಿಸಿದರು. ಐದಾರು ವರ್ಷಗಳಲ್ಲೇ ವಿಯೆಟ್ನಾಂ ಜಗತ್ತಿನ ಎರಡನೇ ದೊಡ್ಡ ಕಾಫಿ ದೇಶವಾಗಿ ಬೆಳೆದು ನಿಂತಿತು, ದರ ಮತ್ತೆ ಪಾತಾಳಕ್ಕಿಳಿಯಿತು, ಸಾಲ ಮಾಡಿ ತೋಟ ಕೊಂಡವರು ನಲುಗಿದರು. ಇದನ್ನೆಲ್ಲ ಕಣ್ಣಾರೆ ಕಂಡವರು ಯೋಜನೆಯೆಂಬ ಮಾತಿಗೆ ಹೆದರುವುದು ಸಹಜ.

ಆದರೆ ಇದೇ ಇತಿಹಾಸದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವೂ ಇದೆ. ಕಾಫಿ ರಫ್ತಿನ ಕರಾರಿನಲ್ಲಿ ದರಕ್ಕೆ ಎರಡು ಭಾಗಗಳಿರುತ್ತವೆ. ಒಂದು ಲಂಡನ್ ಅಥವಾ ನ್ಯೂಯಾರ್ಕ್ ದರ. ಇನ್ನೊಂದು ಅದರ ಮೇಲೆ ಕೊಳ್ಳುವವನು ಕೊಡಲೊಪ್ಪುವ ಹೆಚ್ಚುವರಿ ಮೊತ್ತ ಅಥವಾ ಅದರಿಂದ ಮಾಡುವ ಕಡಿತ, ವ್ಯಾಪಾರದವರು ಇದನ್ನು ಡಿಫರೆನ್ಷಿಯಲ್ ಎನ್ನುತ್ತಾರೆ. ಮೊದಲನೆಯದು ಬ್ರೆಜಿಲ್‌ನ ಹಿಮಕ್ಕೆ ಸೇರಿದ್ದು. ಎರಡನೆಯದು ನಿಮ್ಮ ಕಣಕ್ಕೆ ಸೇರಿದ್ದು: ಹಣ್ಣನ್ನೇ ಆರಿಸಿ ಕೊಯ್ದಿರೋ, ಅದೇ ದಿನ ಪಲ್ಪಿಂಗ್ ಮಾಡಿ ಹಣ್ಣಿನ ಸಿಪ್ಪೆ ತೆಗೆದಿರೋ, ಒಳಪೊರೆಯಿರುವ ಬೀಜವಾದ ಪಾರ್ಚ್‌ಮೆಂಟನ್ನು ಸರಿಯಾದ ತೇವಾಂಶಕ್ಕೆ ಒಣಗಿಸಿದಿರೋ, ಹೋದ ವರ್ಷ ಕಳಿಸಿದ ಗುಣಮಟ್ಟವನ್ನೇ ಈ ವರ್ಷವೂ ಕಳಿಸಿದಿರೋ ಎಂಬುದಕ್ಕೆ ಸೇರಿದ್ದು. ಭಾರತದ ತೊಳೆದ ರೋಬಸ್ಟಾಕ್ಕೆ ಲಂಡನ್ ದರದ ಮೇಲೆ ಹೆಚ್ಚುವರಿ ಸಿಗುವುದು ಹೊಸ ಸಂಗತಿಯೇನಲ್ಲ, ಇಟಲಿಯ ಎಸ್ಪ್ರೆಸೋ ಹುರಿಯುವವರು ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾಗಿರುವುದಕ್ಕೆ ಅದೂ ಒಂದು ಕಾರಣ. ನಿಮ್ಮ ಕಂಪನಿಯ ಯೋಜನೆ ಈ ಎರಡನೇ ಭಾಗದ ಸುತ್ತಲೇ ಇರಲಿ. ಲಂಡನ್ ದರದ ಮೇಲೆ ಊಹೆ ಕಟ್ಟುವುದನ್ನು ಪೂರ್ತಿ ಬಿಟ್ಟುಬಿಡಿ. ಕೊಳ್ಳುವವರೊಂದಿಗೆ ದರ ನಿಗದಿ ಮಾಡಿದ ದಿನವೇ ಅಕ್ಕಪಕ್ಕದ ಬೆಳೆಗಾರರಿಂದ ಕೊಳ್ಳುವ ದರವನ್ನೂ ನಿಗದಿ ಮಾಡಿಕೊಳ್ಳಿ. ಹೊಸ ರಫ್ತುದಾರರು ಮುಳುಗುವುದು ಹೆಚ್ಚಾಗಿ ಈ ಎರಡು ದಿನಗಳ ನಡುವಿನ ಅಂತರದಲ್ಲಿ.

ರೂಪಾಯಿಯ ವಿಷಯವನ್ನೂ ಹೇಳಬೇಕು. ರೂಪಾಯಿ ಇಳಿದರೆ ರಫ್ತುದಾರನಿಗೆ ಲಾಭವೆಂದು ಎಲ್ಲರೂ ಹೇಳುತ್ತಾರೆ. ಆದರೆ ನಿಮ್ಮ ತೋಟಕ್ಕೆ ಹಾಕುವ ಪೊಟ್ಯಾಷ್ ಹೊರದೇಶದಿಂದಲೇ ಬರುವುದು, ಡೀಸೆಲ್ಲಿನ ಮೂಲವೂ ಬಹುಪಾಲು ಹೊರಗಿನದೇ. ಒಂದು ಕೈಯಲ್ಲಿ ಬಂದದ್ದರಲ್ಲಿ ಇನ್ನೊಂದು ಕೈಯಿಂದ ಎಷ್ಟು ಹೋಗುತ್ತದೆ ಎಂಬುದನ್ನು ನಿಮ್ಮದೇ ತೋಟದ ಲೆಕ್ಕದಲ್ಲಿ ಒಮ್ಮೆ ಬರೆದು ನೋಡಿ.

ಪ್ರಶ್ನೆ: ನಾನು ಹಾಸನದಲ್ಲಿ ವಾಣಿಜ್ಯ ವಿದ್ಯಾರ್ಥಿ. ಬಾಹ್ಯ ಪರಿಸರವೆಂದರೆ ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ ಅಂಶಗಳೆಂದು ಪಟ್ಟಿ ಕೊಡುತ್ತಾರೆ. ಇವು ವ್ಯಾಪಾರಕ್ಕೆ ಅಡ್ಡಿ ಮಾತ್ರವೋ, ಹೊಸದನ್ನು ಹುಟ್ಟಿಸಿದ ಉದಾಹರಣೆಯೂ ಇದೆಯೋ?

ಉತ್ತರ: ಮಂಗಳೂರಿಗೆ ಹೋದಾಗ ಮಳೆಗಾಲದಲ್ಲಿ ಯಾವುದಾದರೂ ಹಳೆಯ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ನೋಡಿ ಬನ್ನಿ. ಗೋಡೆ ತೆರೆದ ಗೋದಾಮಿನಲ್ಲಿ ಹಸಿ ಬೀಜವನ್ನು ಹರಡಿ, ಅರಬ್ಬೀ ಸಮುದ್ರದ ತೇವದ ಗಾಳಿಗೆ ವಾರಗಟ್ಟಲೆ ಬಿಟ್ಟಿರುತ್ತಾರೆ. ಬೀಜ ಉಬ್ಬಿ, ಹಸಿರು ಬಣ್ಣ ಕಳೆದುಕೊಂಡು ತಿಳಿ ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ತಗ್ಗುತ್ತದೆ. ಇದೇ ಮಾನ್ಸೂನ್ಡ್ ಮಲಬಾರ್. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾ ಸುತ್ತಿ ಯುರೋಪ್ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಒಡಲಲ್ಲಿ ತೇವ ಕುಡಿದು ಬಣ್ಣವೂ ರುಚಿಯೂ ಬದಲಾದ ಆ ಬೀಜಕ್ಕೆ ಅಲ್ಲಿನವರ ನಾಲಿಗೆ ಒಗ್ಗಿಹೋಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದು ಪ್ರಯಾಣ ಚಿಕ್ಕದಾದಾಗ ಕಾಫಿ ಹಸಿರಾಗಿಯೇ ತಲುಪತೊಡಗಿತು, ಕೊಳ್ಳುವವರಿಗೆ ಹಳೆಯ ರುಚಿ ಸಿಗಲಿಲ್ಲ. ಆಗ ಕರಾವಳಿಯ ವ್ಯಾಪಾರಿಗಳು ಸಮುದ್ರದ ಕೆಲಸವನ್ನು ದಡದಲ್ಲೇ ಮುಂಗಾರಿನಿಂದ ಮಾಡಿಸಿಕೊಂಡರು ಎಂಬುದು ವ್ಯಾಪಾರದವರು ಹೇಳಿಕೊಂಡು ಬಂದಿರುವ ಕಥೆ. ಇಂದು ಅದಕ್ಕೆ ಭಾರತದಲ್ಲಿ ಭೌಗೋಳಿಕ ಗುರುತು ಇದೆ, ಬೇರೆಡೆಯ ಕಾಫಿಯನ್ನು ಇಲ್ಲಿ ಅದೇ ಹೆಸರಿನಲ್ಲಿ ಮಾರುವಂತಿಲ್ಲ.

ನಿಮ್ಮ ಪಠ್ಯದ ಪಟ್ಟಿಯಲ್ಲಿ ಇದನ್ನು ಯಾವ ಅಂಕಣಕ್ಕೆ ಸೇರಿಸುತ್ತೀರಿ? ಕಾಲುವೆ ತಾಂತ್ರಿಕ, ರುಚಿ ಸಾಮಾಜಿಕ, ಮುಂಗಾರು ನಿಸರ್ಗದ್ದು. ಮೂರೂ ಒಂದೇ ಗೋದಾಮಿನಲ್ಲಿ ಕೂಡಿದಾಗ ಸರಕು ಹುಟ್ಟಿತು. ಇನ್ನೊಂದನ್ನೂ ಗಮನಿಸಿ: 2023ರ ನವೆಂಬರ್‌ನಿಂದ ಸೂಯೆಜ್‌ಗೆ ಹೋಗುವ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿ ಶುರುವಾದ ಮೇಲೆ ಹಡಗು ಕಂಪನಿಗಳು ಮತ್ತೆ ಆಫ್ರಿಕಾ ಸುತ್ತುವ ಹಳೆಯ ದಾರಿ ಹಿಡಿದವು. ಈ ಸಲ ಕಾಫಿಗೆ ಹೊಸ ರುಚಿಯೇನೂ ಬರಲಿಲ್ಲ, ಹತ್ತು ಹದಿನೈದು ದಿನಗಳ ತಡ ಮತ್ತು ಏರಿದ ಕಂಟೇನರ್ ಬಾಡಿಗೆ ಮಾತ್ರ ಬಂತು. ಸಾಲದ ಹಣದಲ್ಲಿ ಕಾಫಿ ಕೊಂಡು ಕಳಿಸಿದವನಿಗೆ ಆ ಹದಿನೈದು ದಿನಗಳ ಬಡ್ಡಿಯೇ ದೊಡ್ಡದು.

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನನಗಿರುವುದು ಮೂರು ಎಕರೆ. ಕಾಫಿಯನ್ನು ಊರಿನ ವ್ಯಾಪಾರಿಗೇ ಕೊಡುತ್ತೇನೆ. ಯುರೋಪಿನ ಅರಣ್ಯನಾಶ ತಡೆ ನಿಯಮ ನನಗೂ ಅನ್ವಯವಾಗುತ್ತದೆಯೇ?

ಉತ್ತರ: ಕಾನೂನಿನ ಹೊಣೆ ಯುರೋಪಿನಲ್ಲಿ ಕಾಫಿ ಆಮದು ಮಾಡುವವನ ಮೇಲಿದೆ. ಆದರೆ ಅವನು ಕೇಳುವ ಮಾಹಿತಿ ನಿಮ್ಮ ತೋಟದ್ದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ, ತೋಟ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ತೋರಿಸಬೇಕು, ಬೆಳೆ ನಮ್ಮ ದೇಶದ ಕಾನೂನಿಗೂ ಬದ್ಧವಾಗಿರಬೇಕು. 4 ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಒಂದು ಬಿಂದುವನ್ನು ಗುರುತಿಸಿದರೆ ಸಾಕು, ಅದಕ್ಕಿಂತ ದೊಡ್ಡದಕ್ಕೆ ಗಡಿಯನ್ನೇ ಎಳೆಯಬೇಕು. 2024ರ ಕೊನೆಗೆ ಜಾರಿಯಾಗಬೇಕಿದ್ದ ಈ ನಿಯಮವನ್ನು ಎರಡು ಸಲ ಮುಂದೂಡಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ಗೊತ್ತುಮಾಡಿದ್ದಾರೆ.

ನೆರಳಿನಲ್ಲಿ ಕಾಫಿ ಬೆಳೆಯುವ ನಮ್ಮವರಿಗೆ ಈ ನಿಯಮ ಮೂಲತಃ ಅನುಕೂಲವೇ ಆಗಬೇಕಿತ್ತು. ತೊಡಕಿರುವುದು ಕಾಗದದಲ್ಲಿ. ಕೊಡಗಿನಲ್ಲಿ ಜಮ್ಮಾ ಬಾಣೆಯ (ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ) ದಾಖಲೆಗಳು ಹಲವು ಮನೆಗಳಲ್ಲಿ ಇನ್ನೂ ಅಜ್ಜಂದಿರ ಹೆಸರಿನಲ್ಲಿವೆ, ಉಪಗ್ರಹದ ಚಿತ್ರದಲ್ಲಿ ದಟ್ಟ ನೆರಳಿನ ತೋಟ ಕಾಡಿನಂತೆಯೇ ಕಾಣುತ್ತದೆ. ಆದ್ದರಿಂದ ಈಗಲೇ ಪಹಣಿ ಸರಿಪಡಿಸಿಕೊಳ್ಳಿ, ಕಾಫಿ ಮಂಡಳಿಯಲ್ಲಿ ನೋಂದಣಿ ಮಾಡಿಸಿ, ನೆರಳಿನ ಮರ ಕಡಿಯಬೇಕಾಗಿ ಬಂದರೆ ಅನುಮತಿಯ ಪ್ರತಿಯನ್ನು ಜೋಪಾನವಾಗಿ ಇಡಿ. ವ್ಯಾಪಾರಿ ಕೇಳುವವರೆಗೆ ಕಾಯಬೇಡಿ. ದಾಖಲೆ ಇರುವ ಕಾಫಿ ಬೇರೆ ರಾಶಿ, ಇಲ್ಲದ ಕಾಫಿ ಬೇರೆ ರಾಶಿ ಎಂದಾಗುವ ದಿನ ಬಂದರೆ ಎರಡರ ದರವೂ ಬೇರೆಯಾಗುತ್ತದೆ.

ಪ್ರಶ್ನೆ: ಬ್ರೆಜಿಲ್ ಕಾಫಿಯ ಮೇಲೆ ಅಮೆರಿಕ ಹಾಕಿದ ಸುಂಕ ನೋಡಿ ಅಲ್ಲಿನ ಮಾರುಕಟ್ಟೆಗೆ ಕಾಲಿಡಬಹುದೇ?

ಉತ್ತರ: 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಕಾಫಿಯ ಮೇಲೆ ಶೇಕಡಾ 50ರ ಸುಂಕ ಹೇರಿತು, ನವೆಂಬರ್‌ನಲ್ಲಿ ತಾನೇ ತೆಗೆದುಹಾಕಿತು. ನಮ್ಮಲ್ಲಿ ಆಗಸ್ಟ್‌ನಲ್ಲಿ ಗಿಡದ ಮೇಲೆ ಕಾಯಿ ಇನ್ನೂ ಹಸಿರಾಗಿರುತ್ತದೆ, ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಆಗಷ್ಟೇ ಶುರುವಾಗಿರುತ್ತದೆ. ಅಂದರೆ ನಮ್ಮ ಬೆಳೆ ಕೈಗೆ ಬರುವ ಹೊತ್ತಿಗೆ ಆ ಸುಂಕವೇ ಇರಲಿಲ್ಲ. ಗಿರಾಕಿ ಇದ್ದರೆ ಖಂಡಿತ ಹೋಗಿ. ಸುಂಕವೊಂದನ್ನೇ ನೋಡಿಕೊಂಡು ಹೋಗಬೇಡಿ.