ಸಿಜಿಎಚ್‌ಎಸ್ ಕಾರ್ಡ್ ಬಂದ ಮೇಲೆ ಪಾಲಿಸಿ ಬಿಡಬಹುದಾ?

ಪ್ರಶ್ನೆ: ಸರ್, ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯಿಂದ ಮುಂದಿನ ತಿಂಗಳು ರಿಟೈರ್ ಆಗುತ್ತಿದ್ದೇನೆ. ಸಂಬಳದ ಲೆವೆಲ್ 8. ನನಗೂ ಹೆಂಡತಿಗೂ ಸೇರಿಸಿ ಮಗ 10 ಲಕ್ಷದ ಆರೋಗ್ಯ ವಿಮೆ ಪಾಲಿಸಿ ಮಾಡಿಸಿದ್ದಾನೆ. ಈ ವರ್ಷ ಪ್ರೀಮಿಯಂ 48,000 ಬಂತು. ಹೆಂಡತಿಗೆ ಶುಗರ್ ಇದೆ. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರು, ಪಿಂಚಣಿದಾರರ ಆರೋಗ್ಯ ಯೋಜನೆ) ತಗೊಂಡು ಪಾಲಿಸಿ ಬಿಟ್ಟುಬಿಡಲಾ?
– ಓದುಗರು, ಬೆಂಗಳೂರು

ಉತ್ತರ: ಕಾರ್ಡ್ ಖಂಡಿತ ಮಾಡಿಸಿ. ಪಾಲಿಸಿ ಮಾತ್ರ ಈಗಲೇ ಬಿಡಬೇಡಿ.

ಲೆವೆಲ್ 7ರಿಂದ 11ರವರಿಗೆ ಕಾರ್ಡಿನ ಚಂದಾ ತಿಂಗಳಿಗೆ 650 ರೂಪಾಯಿ. ಹತ್ತು ವರ್ಷದ್ದು ಒಟ್ಟಿಗೆ 78,000 ಕಟ್ಟಿದರೆ ಇಬ್ಬರಿಗೂ ಜೀವನಪೂರ್ತಿ ಕಾರ್ಡ್. ನೀವು ಎರಡು ವರ್ಷಕ್ಕೆ ಕಟ್ಟುವ ಪ್ರೀಮಿಯಂ ಇದಕ್ಕಿಂತ ಜಾಸ್ತಿ, ಅಲ್ವಾ? ಶುಗರ್ ಇದೆ ಅಂತ ಇಲ್ಲಿ ಕಾಯಿಸುವುದೂ ಇಲ್ಲ. ಜನ ಲೆಕ್ಕ ಹಾಕುವಾಗ ಮರೆಯುವುದು ತಿಂಗಳು ತಿಂಗಳು ಕೊಳ್ಳುವ ಮಾತ್ರೆಯನ್ನು; ಸಾಮಾನ್ಯ ಪಾಲಿಸಿ ಅದನ್ನು ಕೊಡುವುದಿಲ್ಲ, ಸಿಜಿಎಚ್‌ಎಸ್ ಕೊಡುತ್ತದೆ. ನಮ್ಮ ಅಣ್ಣ ಬೆಳಿಗ್ಗೆ ಬಟ್ಟೆ ಚೀಲ ಹಿಡಿದು ವೆಲ್‌ನೆಸ್ ಸೆಂಟರಿಗೆ (ಸಿಜಿಎಚ್‌ಎಸ್ ಚಿಕಿತ್ಸಾಲಯ) ಹೋಗುತ್ತಾನೆ, ಚೀಟಿ ಕೊಟ್ಟು ಬಿಪಿ, ಶುಗರ್ ಮಾತ್ರೆ ತರುತ್ತಾನೆ. ಸ್ಟಾಕ್ ಇಲ್ಲದ್ದಕ್ಕೆ ಇಂಡೆಂಟ್ ಹಾಕುತ್ತಾರೆ (ಹೊರಗಿನಿಂದ ತರಿಸುತ್ತಾರೆ), ಆಗ ಇನ್ನೊಂದು ಸಲ ಹೋಗಬೇಕು. ಆ ಓಡಾಟ ನಿಮ್ಮ ಮನೆಯಿಂದ ಆಗುತ್ತದಾ ಅಂತ ಮೊದಲೇ ಯೋಚಿಸಿ.

ಪಾಲಿಸಿ ಯಾಕೆ ಇಟ್ಟುಕೊಳ್ಳಬೇಕು ಅಂದರೆ, ಒಮ್ಮೆ ಬಿಟ್ಟು ಮತ್ತೆ ಹೊಸದಾಗಿ ತಗೊಂಡರೆ ನಿಮ್ಮ ಹೆಂಡತಿಯ ಶುಗರ್‌ಗೆ ವಿಮೆ ಅನ್ವಯಿಸಲು ಮೂರು ವರ್ಷದವರೆಗೂ ಕಾಯಬೇಕಾಗಬಹುದು, ಆ ವಯಸ್ಸಲ್ಲಿ ಪಾಲಿಸಿ ಸಿಗುವುದೇ ಕಷ್ಟ. ಅದಕ್ಕೇ ಒಂದು ವರ್ಷ ಎರಡನ್ನೂ ನಡೆಸಿ. ಅಷ್ಟರಲ್ಲಿ ನಿಮ್ಮ ಮನೆ ಹತ್ತಿರದ ಯಾವ ಆಸ್ಪತ್ರೆ ಸಿಜಿಎಚ್‌ಎಸ್ ಪಟ್ಟಿಯಲ್ಲಿದೆ, ಅಲ್ಲಿ ಪಿಂಚಣಿದಾರರನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ನೀವೇ ಹೋಗಿ ವಿಚಾರಿಸಿ. ಸುಮ್ನೆ ಪಟ್ಟಿ ನೋಡಿ ನಂಬಬೇಡಿ. ಎಲ್ಲ ಸರಿ ಅನ್ನಿಸಿದರೆ 10 ಲಕ್ಷದ್ದನ್ನು 5 ಲಕ್ಷಕ್ಕೆ ಇಳಿಸಿ, ಪ್ರೀಮಿಯಂ ಕಡಿಮೆಯಾಗುತ್ತದೆ.

ರಿಟೈರ್ ಆದ ಮೇಲೆ ಊರಿಗೆ ಹೋಗಿ ಇರುವ ಯೋಚನೆ ಇದೆಯಾ? ಅಲ್ಲಿ ಸಿಜಿಎಚ್‌ಎಸ್ ಇಲ್ಲದಿದ್ದರೆ ಡಾಕ್ಟರು, ಮಾತ್ರೆ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ಮೆಡಿಕಲ್ ಅಲೋವೆನ್ಸ್ ತಗೊಂಡು, ಅಡ್ಮಿಟ್ ಆಗುವುದಕ್ಕೆ ಮಾತ್ರ ಕಾರ್ಡ್ ಇಟ್ಟುಕೊಳ್ಳಬಹುದು. ಆದರೆ ಕಾರ್ಡಿನ ಚಂದಾ ಕಡಿಮೆಯಾಗುವುದಿಲ್ಲ, ಅಷ್ಟನ್ನೂ ಕಟ್ಟಬೇಕು.

ಕಾರ್ಡಿನ ಅರ್ಜಿಗೆ ಏನೇನು ಕಾಗದ ಬೇಕು ಅಂತ ಈ ವಾರವೇ ಕಚೇರಿಯಲ್ಲಿ ಕೇಳಿ. ಪಾಲಿಸಿ ರಿನ್ಯೂವಲ್ ತಾರೀಕು ತಪ್ಪಿಸಬೇಡ ಅಂತ ಮಗನಿಗೂ ಹೇಳಿಡಿ.