ವಿಚಿತ್ರ ಆಕಾರದ ಲೋಹದ ಯೋ-ಯೋಗಳು ಆಟದಲ್ಲೂ ಬೇರೆಯೇ?

ಖಂಡಿತ. ತೂಕ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ತಲಾ 65 ಗ್ರಾಂನ ಎರಡನ್ನು ಹೋಲಿಸಿ ನೋಡಿ. ಅಲ್ಯೂಮಿನಿಯಂ ಒಡಲಿಗೆ ಉಕ್ಕಿನ ಬಳೆ ತೊಡಿಸಿದ್ದರಲ್ಲಿ ಭಾರವೆಲ್ಲ ಅಂಚಿನಲ್ಲಿರುತ್ತದೆ. ಅದು ಹೆಚ್ಚು ಹೊತ್ತು ತಿರುಗುತ್ತದೆ, ಸುಲಭವಾಗಿ ಓಲುವುದಿಲ್ಲ. ಭಾರ ನಡುವಿಗಿರುವ ದುಂಡನೆಯದು ಅಂಗೈಗೆ ಹಿತ, ಆದರೆ ಅದರ ತಿರುಗಾಟ ಬೇಗ ಸುಸ್ತಾಗುತ್ತದೆ. ಎರಡು ಬಿಲ್ಲೆಗಳ ನಡುವೆ ದಾರ ಓಡುವ ಸಂದಿಯ ಒಳಗೋಡೆ ಉಬ್ಬಿದ್ದರೆ ದಾರ ಉಜ್ಜಿ ವೇಗ ಇನ್ನಷ್ಟು ಇಳಿಯುತ್ತದೆ. ನನಗೇನೋ ಆ ಸೋಮಾರಿ ದುಂಡನೆಯದೇ ಇಷ್ಟ. ಡೊಂಬಿವಲಿಯ ನಮ್ಮ ಮನೆಯ ನೆಲಹಾಸಿನ ಕಲ್ಲಿಗೆ ಬಡಿದು ಅದರ ಅಂಚು ತರಚಿದೆ, ಕಲ್ಲೂ ಬಿರುಕು ಬಿಟ್ಟಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಅಂದ ಹಾಗೆ, ಅಗಲ ಬೇರಿಂಗಿನ (ನಡುವಿನ ಅಚ್ಚಿನ ಸುತ್ತ ಸಲೀಸಾಗಿ ತಿರುಗುವ ಉಂಗುರದ) ಇಂಥ ಯೋ-ಯೋ ಬರೀ ಎಳೆದರೆ ಕೈಗೆ ಮರಳುವುದಿಲ್ಲ. ದಾರವನ್ನು ಮಡಚಿ ಆ ಸಂದಿಗೆ ತೂರಿಸಬೇಕು. ಕೆಟ್ಟಿದೆಯೆಂದು ಅಂಗಡಿಗೆ ಒಯ್ಯಬೇಡಿ.